ಗಾಳಿಯ ಗಾಮಾ ಅಳೆಯುವುದು ಹೇಗೆ: ಬಳ್ಳಾರಿ, ರಾಯಚೂರು, ಕೊಪ್ಪಳದ ಲ್ಯಾಬುಗಳಿಗೆ ಸಮಗ್ರ ಮಾರ್ಗದರ್ಶಿ

ಗಾಳಿಯ ಗಾಮಾ 1.40 ಎಂಬುದು ಪಿಯುಸಿ ಹೊತ್ತಿಗೇ ಎಲ್ಲರಿಗೂ ಬಾಯಿಪಾಠವಾಗಿರುತ್ತದೆ. ಅದೇ ಗಾಮಾವನ್ನು ಏಪ್ರಿಲ್ ತಿಂಗಳ ಮಧ್ಯಾಹ್ನ ಬಳ್ಳಾರಿಯ ಲ್ಯಾಬಿನಲ್ಲಿ ಅಳೆಯಲು ಕೂತರೆ ಒಮ್ಮೆ 1.25 ಬರುತ್ತದೆ, ಮತ್ತೊಮ್ಮೆ 1.5 ಬರುತ್ತದೆ. ಆಗ ರೆಕಾರ್ಡಿನಲ್ಲಿ ರೀಡಿಂಗ್ ತಿದ್ದಿ 1.39 ಎಂದು ಬರೆಯುವುದು ಸುಲಭದ ದಾರಿ. ಆದರೆ ಈ ಪ್ರಯೋಗದ ಸತ್ವವೆಲ್ಲ ಆ ತಪ್ಪು ಅಂಕಿಗಳಲ್ಲೇ ಇದೆ. ಇಲ್ಲಿ ಆಗುವ ಪ್ರತಿ ತಪ್ಪಿಗೂ ಒಂದು ದಿಕ್ಕಿದೆ. ಯಾವ ತಪ್ಪು ಗಾಮಾವನ್ನು ಕೆಳಗೆ ಎಳೆಯುತ್ತದೆ, ಯಾವುದು ಮೇಲಕ್ಕೆ ಏರಿಸುತ್ತದೆ ಎಂದು ಗೊತ್ತಾದರೆ, ಬಂದ ಉತ್ತರ ನೋಡಿಯೇ ಎಲ್ಲಿ ಎಡವಿದ್ದೇವೆಂದು ಹೇಳಬಹುದು. ಸಾಮಾನು ಬಹುಪಾಲು ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವಂಥದ್ದೇ.

ಮೊದಲು ಗಾಮಾ ಎಂದರೇನು

ಒಂದು ಮೋಲ್ ಅನಿಲವನ್ನು ಮುಚ್ಚಿದ ಪಾತ್ರೆಯಲ್ಲಿಟ್ಟು ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವ ಶಾಖ ಸಿವಿ. ಅದೇ ಅನಿಲವನ್ನು ಒತ್ತಡ ಬದಲಾಗದಂತೆ, ಹಿಗ್ಗಲು ಬಿಟ್ಟು ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವುದು ಸಿಪಿ. ಹಿಗ್ಗುವಾಗ ಅನಿಲ ಹೊರಗಿನ ಗಾಳಿಯನ್ನು ತಳ್ಳುವ ಕೆಲಸ ಮಾಡಬೇಕು, ಆ ಕೆಲಸಕ್ಕೂ ಶಾಖ ಬೇಕು. ಅದಕ್ಕೇ ಸಿಪಿ ಯಾವಾಗಲೂ ದೊಡ್ಡದು. ಆದರ್ಶ ಅನಿಲದಲ್ಲಿ ಎರಡರ ವ್ಯತ್ಯಾಸ ಮೋಲಿಗೆ 8.314 ಜೂಲ್. ಸಿಪಿಯನ್ನು ಸಿವಿಯಿಂದ ಭಾಗಿಸಿದರೆ ಸಿಗುವುದೇ ಗಾಮಾ.

ಅಣುವಿಗೆ ಶಕ್ತಿ ಇಟ್ಟುಕೊಳ್ಳುವ ದಾರಿಗಳು ಎಷ್ಟು ಎಂಬುದರ ಮೇಲೆ ಗಾಮಾ ನಿಂತಿದೆ: ಗಾಮಾ = 1 + (2 ÷ ದಾರಿಗಳ ಸಂಖ್ಯೆ). ಹೀಲಿಯಂ, ಆರ್ಗಾನ್‌ಗಳಂತಹ ಒಂಟಿ ಪರಮಾಣುವಿನ ಅನಿಲಕ್ಕೆ ಮೂರು ದಿಕ್ಕಿನ ಓಟ ಮಾತ್ರ, ಹಾಗಾಗಿ 1.67. ಸಾರಜನಕ, ಆಮ್ಲಜನಕಗಳಿಗೆ ಓಟದ ಜೊತೆ ಎರಡು ಬಗೆಯ ತಿರುಗಾಟವೂ ಸೇರಿ ಐದು, ಹಾಗಾಗಿ 1.40. ಇಂಗಾಲದ ಡೈಆಕ್ಸೈಡ್‌ನಲ್ಲಿ ಕೋಣೆಯ ತಾಪದಲ್ಲೇ ಕಂಪನವೂ ಅಷ್ಟಿಷ್ಟು ಸೇರುವುದರಿಂದ ಸುಮಾರು 1.30ಕ್ಕೆ ಇಳಿಯುತ್ತದೆ.

ಶಾಖ ಒಳಗೂ ಬಾರದೆ ಹೊರಗೂ ಹೋಗದೆ ನಡೆಯುವ ಬದಲಾವಣೆಗೆ ಅಡಿಯಾಬ್ಯಾಟಿಕ್ ಎನ್ನುತ್ತೇವೆ. ಪಾತ್ರೆಗೆ ದಪ್ಪ ಹೊದಿಕೆ ಹಾಕಿದರೆ ಮಾತ್ರ ಹೀಗಾಗುತ್ತದೆ ಎಂದು ಹಲವರು ತಿಳಿದಿರುತ್ತಾರೆ. ನಿಜಕ್ಕೂ ಇದು ಸಮಯದ ಪ್ರಶ್ನೆ. ಶಾಖ ಗೋಡೆಯ ತನಕ ಹರಿದುಹೋಗುವಷ್ಟು ಹೊತ್ತು ಕೊಡದಿದ್ದರೆ ಗಾಜಿನ ಬಾಟಲಿಯಲ್ಲೂ ಅಡಿಯಾಬ್ಯಾಟಿಕ್ ಬದಲಾವಣೆ ಆಗುತ್ತದೆ. ಮುಂದಿನ ಪ್ರಯೋಗ ಈ ಮಾತಿನ ಮೇಲೇ ನಿಂತಿದೆ: ದೊಡ್ಡ ಬಾಟಲಿಯಲ್ಲಿ ಗಾಳಿಯ ಒತ್ತಡ ತುಸು ಏರಿಸಿ, ವಾಲ್ವ್ ಥಟ್ಟನೆ ತೆರೆದು ಮುಚ್ಚಿ, ಹಿಗ್ಗಿ ತಣಿದ ಗಾಳಿ ಮತ್ತೆ ಕೋಣೆಯ ತಾಪಕ್ಕೆ ಬಂದಾಗ ಒತ್ತಡ ಎಷ್ಟು ಏರಿತೆಂದು ನೋಡುವುದು. ಫ್ರಾನ್ಸಿನ ನಿಕೊಲಾ ಕ್ಲೆಮಾಂ ಮತ್ತು ಶಾರ್ಲ್ ದೆಸೋರ್ಮ್ ಇದನ್ನು 1819ರಲ್ಲಿ ಪ್ರಕಟಿಸಿದರು.

ಬೇಕಾಗುವ ಸಾಮಾನು

ಬಾಟಲಿ: 20 ಲೀಟರಿನ ಗಾಜಿನ ಕಾರ್ಬಾಯ್ (ಸಣ್ಣ ಬಾಯಿಯ ದೊಡ್ಡ ಬಾಟಲಿ) ಎಲ್ಲಕ್ಕಿಂತ ಒಳ್ಳೆಯದು. 10 ಲೀಟರಿನದೂ ನಡೆಯುತ್ತದೆ, 5 ಲೀಟರಿಗಿಂತ ಚಿಕ್ಕದು ಬೇಡ. ಕುಡಿಯುವ ನೀರಿನ ಪ್ಲಾಸ್ಟಿಕ್ ಕ್ಯಾನು ಎಲ್ಲೆಡೆ ಸಿಗುತ್ತದೆ ನಿಜ, ಆದರೆ ಒಳಗೆ ಒತ್ತಡ ಏರಿದಂತೆ ಅದರ ಗೋಡೆ ಉಬ್ಬುತ್ತದೆ. ಗಾಜು ಸಿಗದೇ ಹೋದರೆ ಮಾತ್ರ ಕ್ಯಾನು ಬಳಸಿ. ಗಾಮಾ ಕಡಿಮೆಯೇ ಬರುತ್ತದೆಂದು ಮೊದಲೇ ಗೊತ್ತಿರಲಿ.

ಬಾಯಿಮುಚ್ಚಳ: ಮೂರು ತೂತಿನ ರಬ್ಬರ್ ಬಿರಡೆ, ಇಲ್ಲವೇ 10 ಮಿ.ಮೀ. ದಪ್ಪದ ಅಕ್ರಿಲಿಕ್ ತಟ್ಟೆ, ಅದರಡಿ ರಬ್ಬರ್ ಗ್ಯಾಸ್ಕೆಟ್. ಈ ಪ್ರಯೋಗದ ಒತ್ತಡ, ಎಂದರೆ 18 ಸೆಂ.ಮೀ. ಎತ್ತರದ ನೀರಿನ ಕಂಬದಷ್ಟು ಒತ್ತಡ, 6 ಸೆಂ.ಮೀ. ಅಗಲದ ಬಾಯಿಯ ಮೇಲೆ ಅರ್ಧ ಕಿಲೋ ತೂಕದಷ್ಟು ಮಾತ್ರ ಮೇಲಕ್ಕೆ ನೂಕುತ್ತದೆ, ಎರಡು ಕ್ಲ್ಯಾಂಪ್ ಸಾಕು. ಸಂದುಗಳಿಗೆ ಎಂ-ಸೀಲ್ ಮೆತ್ತಿ ಒಂದು ರಾತ್ರಿ ಒಣಗಲು ಬಿಡಿ.

ವಾಲ್ವ್: ನಲ್ಲಿ ಕೆಲಸದವರು ಹಾಕುವ ಒಂದು ಇಂಚಿನ ಬಾಲ್ ವಾಲ್ವ್. ಕಾಲು ಸುತ್ತಿಗೆ ಪೂರ್ತಿ ತೆರೆಯುತ್ತದೆ, ಕಾಲು ಸುತ್ತಿಗೆ ಮುಚ್ಚುತ್ತದೆ. ಲ್ಯಾಬಿನ ಹಳೆಯ ಗಾಜಿನ ಸ್ಟಾಪ್‌ಕಾಕ್ ಬಳಸಬೇಡಿ. ಅದರ ತೂತು 4 ಮಿ.ಮೀ. ಇದ್ದರೆ 20 ಲೀಟರ್ ಬಾಟಲಿಯ ಒತ್ತಡ ಇಳಿಯಲು ಒಂದು ಸೆಕೆಂಡಿಗೂ ಹೆಚ್ಚು ಬೇಕು. 20–25 ಮಿ.ಮೀ. ದಾರಿಯಿದ್ದರೆ ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. ಇಡೀ ಸಲಕರಣೆಯಲ್ಲಿ ಒಂದೇ ಒಂದು ಭಾಗಕ್ಕೆ ಹಣ ಹಾಕುವುದಿದ್ದರೆ ಇದಕ್ಕೇ ಹಾಕಿ.

ಮ್ಯಾನೋಮೀಟರ್ (ಒತ್ತಡ ಅಳೆಯುವ ನೀರಿನ ನಳಿಕೆ): 6 ಮಿ.ಮೀ. ಒಳವ್ಯಾಸದ ಪಾರದರ್ಶಕ ನಳಿಕೆಯನ್ನು ಯು ಆಕಾರದಲ್ಲಿ ಹಲಗೆಗೆ ಬಿಗಿಯಿರಿ. ಒಂದೊಂದು ತೋಳೂ 40–50 ಸೆಂ.ಮೀ. ಎತ್ತರ ಇರಲಿ, ಹಿಂದೆ ಮಿಲಿಮೀಟರ್ ಪಟ್ಟಿ ಅಂಟಿಸಿ. ನೀರಿಗೆ ಎರಡು ಹನಿ ಶಾಯಿ ಹಾಕಿದರೆ ಮಟ್ಟ ಚೆನ್ನಾಗಿ ಕಾಣುತ್ತದೆ. ಬೋರ್‌ವೆಲ್ ನೀರು ಬೇಡ. ನಮ್ಮ ಕಡೆಯ ಗಡಸು ನೀರು ಒಂದೆರಡು ವಾರದಲ್ಲಿ ನಳಿಕೆಯೊಳಗೆ ಬಿಳಿ ಪದರ ಕಟ್ಟಿ ಮಟ್ಟ ಓದಲು ಬಿಡುವುದಿಲ್ಲ. ಆರ್‌ಒ ನೀರೋ ಡಿಸ್ಟಿಲ್ಡ್ ವಾಟರೋ ಇರಲಿ. ದ್ರವದ ಸಾಂದ್ರತೆ ಲೆಕ್ಕದಲ್ಲಿ ಬರುವುದೇ ಇಲ್ಲ, ಎರಡು ಎತ್ತರಗಳ ಅನುಪಾತ ಮಾತ್ರ ಬರುತ್ತದೆ. ಹಾಗಾಗಿ ತೆಳು ಎಣ್ಣೆಯೂ ಆದೀತು, ಆದರೆ ಎಣ್ಣೆ ನಿಲ್ಲಲು ಹೊತ್ತು ಹಿಡಿಯುತ್ತದೆ.

ನಳಿಕೆ ಸಣ್ಣದಿರಬೇಕು, ಬಾಟಲಿ ದೊಡ್ಡದಿರಬೇಕು ಎನ್ನಲು ಕಾರಣವಿದೆ. ಮಟ್ಟ ಸರಿದಾಗಲೆಲ್ಲ ಅನಿಲಕ್ಕೆ ಅಷ್ಟು ಜಾಗ ಹೆಚ್ಚು ಸಿಗುತ್ತದೆ. 6 ಮಿ.ಮೀ. ನಳಿಕೆ, 20 ಲೀಟರ್ ಬಾಟಲಿ ಇದ್ದರೆ ಇದರಿಂದ 1.400 ಇರಬೇಕಾದದ್ದು 1.396 ಆಗುತ್ತದೆ, ಚಿಂತೆಯಿಲ್ಲ. ಅದೇ ನಳಿಕೆಯನ್ನು 2 ಲೀಟರ್ ಬಾಟಲಿಗೆ ಹಾಕಿದರೆ 1.365ಕ್ಕೆ ಬೀಳುತ್ತದೆ, ನೀವು ಎಷ್ಟೇ ಜಾಗ್ರತೆಯಿಂದ ಮಾಡಿದರೂ.

ಪಂಪು: ಸೈಕಲ್ ಪಂಪು ಸಾಕು, ಅದರ ದಾರಿಯಲ್ಲಿ ಒಂದು ಸಣ್ಣ ಕಾಕ್ (ತೆರೆದು ಮುಚ್ಚುವ ನಲ್ಲಿ) ಇರಲಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಪೈಪನ್ನು ಗಾಜಿನ ಬಾಟಲಿಗೆ ಯಾವ ಕಾರಣಕ್ಕೂ ಜೋಡಿಸಬೇಡಿ. ಈ ಪ್ರಯೋಗಕ್ಕೆ ಬೇಕಾದ ಒತ್ತಡ ವಾತಾವರಣಕ್ಕಿಂತ ಶೇ. 2 ಹೆಚ್ಚು, ಅಷ್ಟೇ. ಕಂಪ್ರೆಸರಿನ ಒತ್ತಡಕ್ಕೆ ಬಾಟಲಿ ಸಿಡಿಯುತ್ತದೆ. ಸೈಕಲ್ ಪಂಪು ಹೊಡೆಯುವಾಗಲೂ ಕಣ್ಣಿಗೆ ಕನ್ನಡಕ ಇರಲಿ. ಬಾಯಿಂದ ಊದುವುದೂ ಬೇಡ. ಉಸಿರು ಬಿಸಿ, ಒದ್ದೆ, ಮೇಲಾಗಿ ಇಂಗಾಲದ ಡೈಆಕ್ಸೈಡ್ ಬೆರೆತದ್ದು.

ಹತ್ತಿ: ಬಾಟಲಿಯನ್ನು ಮರದ ಅಥವಾ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಸುತ್ತಲೂ ಹತ್ತಿ ತುರುಕಿ. ರಾಯಚೂರು ಸೀಮೆಯಲ್ಲಿ ಹತ್ತಿಗೇನು ಬರ! ಒಳಗಿನ ಗಾಳಿಗೂ ಹೊರಗಿನ ಕೋಣೆಗೂ ಶಾಖದ ಕೊಡುಕೊಳ್ಳುವಿಕೆ ಆಗಬೇಕಲ್ಲ, ಹತ್ತಿ ಅದನ್ನು ತಡೆಯುವುದಿಲ್ಲವೇ ಎಂಬ ಪ್ರಶ್ನೆ ಬರುತ್ತದೆ. ತಡೆಯುತ್ತದೆ, ತಡೆಯಬೇಕು. ಒಳಗಿರುವ ಸುಮಾರು 22 ಗ್ರಾಂ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು 16 ಜೂಲ್ ಸಾಕು. ಹಲವು ಕಿಲೋ ತೂಗುವ ಗಾಜಿನ ಗೋಡೆಗೆ ಕೆಲವು ಸಾವಿರ ಜೂಲ್ ಬೇಕು. ಗಾಳಿ ತನಗೆ ಬೇಕಾದ ಶಾಖವನ್ನು ಗಾಜಿನಿಂದಲೇ ತೆಗೆದುಕೊಳ್ಳುತ್ತದೆ, ಗಾಜಿಗೆ ಅದು ಲೆಕ್ಕಕ್ಕೇ ಇಲ್ಲ.

ಬಿಸಿಲೇ ದೊಡ್ಡ ವೈರಿ

ಹೊರಗಿನ ಬಿಸಿಲು ಬಾಟಲಿಗೆ ತಾಗದಂತೆ ಇಷ್ಟು ಜೋಪಾನ ಯಾಕೆ? ಈ ಅಂಕಿ ನೋಡಿ. ಮುಚ್ಚಿದ ಬಾಟಲಿಯ ತಾಪ ಒಂದು ಡಿಗ್ರಿ ಏರಿದರೆ ಮ್ಯಾನೋಮೀಟರ್ 3.2 ಸೆಂ.ಮೀ. ಏರುತ್ತದೆ. ಕಾಲು ಡಿಗ್ರಿಯೂ ಅಲ್ಲ, ಹತ್ತನೇ ಒಂದು ಭಾಗ ಡಿಗ್ರಿ ಏರಿದರೂ 3 ಮಿ.ಮೀ. ಕೊನೆಯ ರೀಡಿಂಗಿಗೆ ಕಾಯುವಾಗ ಅಷ್ಟು ಏರಿದರೆ ಸಾಕು, ಗಾಮಾ 1.40 ಇದ್ದದ್ದು 1.435 ಆಗುತ್ತದೆ. ಮಾರ್ಚಿನಿಂದ ಮೇ ತನಕ ನಮ್ಮ ಲ್ಯಾಬುಗಳಲ್ಲಿ ಬೆಳಗ್ಗೆ ಹತ್ತರ ನಂತರ ತಾಪ ಒಂದೇ ಸಮನೆ ಏರುತ್ತಿರುತ್ತದೆ, ಶೀಟಿನ ಸೂರು ಇದ್ದಲ್ಲಂತೂ ಹೇಳುವುದೇ ಬೇಡ.

ಹಾಗಾಗಿ ಬೆಳಗ್ಗೆ 7ರಿಂದ 9ರೊಳಗೆ ಮಾಡಿ. ಸಲಕರಣೆಯನ್ನು ಹಿಂದಿನ ರಾತ್ರಿಯೇ ಅದೇ ಕೋಣೆಯಲ್ಲಿಡಿ. ಫ್ಯಾನ್ ಆರಿಸಿ. ಕಿಟಕಿಯ ಬಿಸಿಲು ಪೆಟ್ಟಿಗೆಯ ಮೇಲೆ ಬೀಳದಿರಲಿ, ಬಾಟಲಿಗೆ ಒರಗಿ ಯಾರೂ ನಿಲ್ಲದಿರಲಿ. ಶುರು ಮಾಡುವ ಮುಂಚೆ ಒಂದು ಖಾಲಿ ಪರೀಕ್ಷೆ ಮಾಡಿ: ವಾಲ್ವ್ ತೆರೆದು ಮಟ್ಟ ಸಮ ಮಾಡಿ, ಮುಚ್ಚಿ, ಹತ್ತು ನಿಮಿಷ ಬಿಡಿ. ಮಟ್ಟ 1 ಮಿ.ಮೀ.ಗಿಂತ ಹೆಚ್ಚು ಸರಿದಿದ್ದರೆ ಆ ಹೊತ್ತು ಅಳತೆಗೆ ಯೋಗ್ಯವಲ್ಲ.

ಅಳತೆಯ ಹಂತಗಳು

1. ಸೋರಿಕೆ ಪರೀಕ್ಷೆ. 20 ಸೆಂ.ಮೀ. ಒತ್ತಡ ಏರುವ ತನಕ ಪಂಪು ಹೊಡೆದು ಕಾಕ್ ಮುಚ್ಚಿ. ಮೊದಲ ಕೆಲವು ನಿಮಿಷ ಮಟ್ಟ ಇಳಿಯುತ್ತದೆ, ಹೆದರಬೇಡಿ. ಪಂಪಿನಲ್ಲಿ ಬಿಸಿಯಾದ ಗಾಳಿ ತಣಿಯುತ್ತಿದೆ. ತಣಿಯುವ ಇಳಿತ ಬರಬರುತ್ತಾ ನಿಧಾನವಾಗಿ ನಿಲ್ಲುತ್ತದೆ, ಸೋರಿಕೆಯ ಇಳಿತ ನಿಲ್ಲುವುದೇ ಇಲ್ಲ. 15 ನಿಮಿಷ ಕಳೆದ ಮೇಲೂ ಇಳಿಯುತ್ತಿದ್ದರೆ ಸಂದುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಎಲ್ಲೇಳುತ್ತದೆ ನೋಡಿ. ಬಾಲ್ ವಾಲ್ವಿನ ಹಿಡಿಕೆಯ ಬುಡ ಮತ್ತು ಮ್ಯಾನೋಮೀಟರ್ ನಳಿಕೆಯ ಜೋಡಣೆ, ಈ ಎರಡು ಜಾಗವನ್ನು ಮೊದಲು ನೋಡಿ.

2. ಒತ್ತಡ ಏರಿಸುವುದು. ಸುಮಾರು 18–20 ಸೆಂ.ಮೀ. ವ್ಯತ್ಯಾಸ ಬರುವ ತನಕ ನಿಧಾನವಾಗಿ ಪಂಪು ಹೊಡೆದು ಕಾಕ್ ಮುಚ್ಚಿ. ಮಟ್ಟ ಪೂರ್ತಿ ನಿಲ್ಲುವ ತನಕ, ಎಂದರೆ ಹತ್ತು ನಿಮಿಷದವರೆಗೆ, ಕಾಯಿರಿ. ಎರಡೂ ತೋಳಿನ ಮಟ್ಟ ಬರೆದುಕೊಂಡು ವ್ಯತ್ಯಾಸ ತೆಗೆಯಿರಿ. ಇದು ಎಚ್1. ಒಂದೇ ತೋಳು ಓದಿ ದುಪ್ಪಟ್ಟು ಮಾಡುವ ಅಭ್ಯಾಸ ಬೇಡ, ನಳಿಕೆಯ ವ್ಯಾಸ ಎಲ್ಲೆಡೆ ಒಂದೇ ಇರುವುದಿಲ್ಲ.

3. ತೆರೆದು ಮುಚ್ಚುವುದು. ಪ್ರಯೋಗದ ಹಣೆಬರಹ ಇರುವುದು ಈ ಅರ್ಧ ಸೆಕೆಂಡಿನಲ್ಲಿ. ಹಿಡಿಕೆಯನ್ನು ಒಂದೇ ಏಟಿಗೆ ಪೂರ್ತಿ ತೆರೆಯಿರಿ, ಬುಸ್ ಎಂಬ ಸದ್ದು ನಿಂತ ಕೂಡಲೇ ಒಂದೇ ಏಟಿಗೆ ಮುಚ್ಚಿ. ಮ್ಯಾನೋಮೀಟರಿನ ಎರಡೂ ಮಟ್ಟ ಸಮ ಆದಾಗ ಮುಚ್ಚಿ ಎಂದು ಕೆಲವು ಲ್ಯಾಬ್ ಮ್ಯಾನ್ಯುಯಲ್‌ಗಳಲ್ಲಿ ಬರೆದಿರುತ್ತದೆ. ಅದನ್ನು ಪಾಲಿಸಬೇಡಿ. 80 ಸೆಂ.ಮೀ. ಉದ್ದದ ನೀರಿನ ಕಂಬ ಒಮ್ಮೆ ತೂಗಿ ಬರಲು ಸುಮಾರು 1.3 ಸೆಕೆಂಡು ಬೇಕು, ಬಾಟಲಿಯ ಒತ್ತಡವೋ ಅದಕ್ಕೆ ಬಹಳ ಮುಂಚೆಯೇ ಇಳಿದಿರುತ್ತದೆ. ನೀರು ಸಮ ಆಗಲೆಂದು ಕಾದರೆ ಒಳಗಿನ ತಣ್ಣನೆಯ ಗಾಳಿ ಗೋಡೆಯಿಂದ ಬಿಸಿಯಾಗತೊಡಗುತ್ತದೆ. ಕಣ್ಣನ್ನು ಬಿಟ್ಟು ಕಿವಿಯನ್ನು ನಂಬಿ. ಖಾಲಿ ವಾಲ್ವಿನ ಮೇಲೆ ಮೊದಲು ಕೈ ಪಳಗಿಸಿಕೊಂಡರೆ ಒಳ್ಳೆಯದು.

4. ಎರಡನೇ ಕಾಯುವಿಕೆ. ಮುಚ್ಚಿದ ಮೇಲೆ ಮಟ್ಟ ತಾನಾಗಿ ಏರತೊಡಗುತ್ತದೆ. 35 ಡಿಗ್ರಿಯಲ್ಲಿದ್ದ ಗಾಳಿ 18 ಸೆಂ.ಮೀ. ಒತ್ತಡದಿಂದ ಹಿಗ್ಗಿದಾಗ ತಣಿಯುವುದು ಸುಮಾರು 1.6 ಡಿಗ್ರಿ. ಕೈಗೆ ತಿಳಿಯದ ಆ ತಂಪು ಮ್ಯಾನೋಮೀಟರಿನಲ್ಲಿ 5 ಸೆಂ.ಮೀ. ಏರಿಕೆಯಾಗಿ ಕಾಣುತ್ತದೆ. ಏರಿಕೆ ನಿಂತ ಮೇಲೆ ಓದಿ, ಇದು ಎಚ್2. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಓದಿದಾಗ ಅಂಕಿ ಒಂದೇ ಬರಬೇಕು.

5. ಲೆಕ್ಕ. ಗಾಮಾ = ಎಚ್1 ÷ (ಎಚ್1 − ಎಚ್2). ಎಚ್1 18.0, ಎಚ್2 5.1 ಸೆಂ.ಮೀ. ಬಂದರೆ 18.0 ÷ 12.9 = 1.395.

ಈ ಸೂತ್ರ ಒತ್ತಡ ಚಿಕ್ಕದಿದ್ದಾಗಿನ ಸರಳ ರೂಪ. ಪೂರ್ಣ ರೂಪದಲ್ಲಿ ಒಟ್ಟು ಒತ್ತಡಗಳ ಲಾಗರಿದಂ ಬೇಕು: ಗಾಮಾ = ಲಾಗ್ (ಪಿ1 ÷ ಪಿ0) ÷ ಲಾಗ್ (ಪಿ1 ÷ ಪಿ2). ಪಿ0 ಎಂದರೆ ವಾತಾವರಣದ ಒತ್ತಡ. ಪಿ1 ಮತ್ತು ಪಿ2, ಅದಕ್ಕೆ ಎಚ್1 ಮತ್ತು ಎಚ್2 ಸೇರಿಸಿದ್ದು. ಬಳ್ಳಾರಿ ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿಯ ಒತ್ತಡ 101.3 ಅಲ್ಲ, 95.5 ಕಿಲೋಪ್ಯಾಸ್ಕಲ್ ಆಸುಪಾಸು. ನೀರಿನ ಲೆಕ್ಕದಲ್ಲಿ 973 ಸೆಂ.ಮೀ. ಮೇಲಿನ ರೀಡಿಂಗನ್ನೇ ಹಾಕಿದರೆ ಪಿ1 991.0, ಪಿ2 978.1, ಉತ್ತರ 1.399. ಸರಳ ಸೂತ್ರಕ್ಕೂ ಇದಕ್ಕೂ 0.004 ವ್ಯತ್ಯಾಸ. ರಾಯಚೂರು ತುಸು ಕೆಳಗಿದೆ, ಸುಮಾರು 96.5. ಕೊಪ್ಪಳ ತುಸು ಮೇಲಿದೆ, ಸುಮಾರು 95. ಹವಾಮಾನ ವರದಿಯಲ್ಲಿ ಕೊಡುವ ಒತ್ತಡವನ್ನು ಹಾಗೇ ತೆಗೆದುಕೊಳ್ಳಬೇಡಿ, ಅದು ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಹೊಂದಿಸಿದ ಅಂಕಿ. ಬ್ಯಾರೋಮೀಟರ್ ಇರುವ ಫೋನು ತೋರಿಸುವುದು ನೀವಿರುವ ಜಾಗದ ನಿಜ ಒತ್ತಡ.

6. ಒಂದೇ ರೀಡಿಂಗಿಗೆ ತೃಪ್ತಿ ಬೇಡ. ಎಚ್1 10ರಿಂದ 20 ಸೆಂ.ಮೀ. ನಡುವೆ ಬದಲಾಯಿಸುತ್ತಾ ಆರೆಂಟು ಸಲ ಮಾಡಿ. ಗ್ರಾಫಿನಲ್ಲಿ ಅಡ್ಡಕ್ಕೆ (ಎಚ್1 − ಎಚ್2), ಉದ್ದಕ್ಕೆ ಎಚ್1 ಹಾಕಿ. ಗೆರೆಯ ಇಳಿಜಾರೇ ಗಾಮಾ. ಬಿಡಿ ಉತ್ತರಗಳ ಸರಾಸರಿಗಿಂತ ಇದು ಮೇಲು, ಯಾಕೆಂದರೆ ಗೆರೆ ಮೂಲಬಿಂದುವನ್ನು ಮುಟ್ಟದಿದ್ದರೆ ಪಟ್ಟಿಯ ಸೊನ್ನೆ ತಪ್ಪಿದೆ ಅಥವಾ ತಾಪ ಸರಿಯುತ್ತಿದೆ ಎಂಬ ಸುಳಿವೂ ಅದರಲ್ಲೇ ಸಿಗುತ್ತದೆ. 10 ಸೆಂ.ಮೀ.ಗಿಂತ ಕೆಳಗೆ ಇಳಿಯಬೇಡಿ. ಎಚ್1 18 ಇದ್ದಾಗ ಎಚ್2ರಲ್ಲಿ 1 ಮಿ.ಮೀ. ತಪ್ಪಿದರೆ ಗಾಮಾ 0.011 ಕೆಡುತ್ತದೆ. ಎಚ್1 6 ಇದ್ದರೆ ಅದೇ 1 ಮಿ.ಮೀ. 0.03ಕ್ಕೂ ಹೆಚ್ಚು ಕೆಡಿಸುತ್ತದೆ.

ಉತ್ತರ ನೋಡಿ ತಪ್ಪು ಹುಡುಕುವುದು

ತಪ್ಪುಗಳಲ್ಲಿ ಬಹುಪಾಲು ಗಾಮಾವನ್ನು ಕೆಳಗೇ ಎಳೆಯುತ್ತವೆ. ವಾಲ್ವ್ ಮುಚ್ಚಲು ತಡವಾದರೆ ಎಚ್2 ಕಡಿಮೆ, ಗಾಮಾ ಕಡಿಮೆ. ಎಚ್1 ಅನ್ನು ಗಾಳಿ ತಣಿಯುವ ಮುಂಚೆ ಓದಿದರೂ ಅಷ್ಟೇ: 18.0ಕ್ಕೆ ನಿಲ್ಲಬೇಕಾದದ್ದನ್ನು 18.6 ಇದ್ದಾಗಲೇ ಓದಿ ವಾಲ್ವ್ ತೆರೆದರೆ 1.34 ಬರುತ್ತದೆ. ಎಚ್2 ಅನ್ನು ಆತುರಪಟ್ಟು ಓದಿದರೂ, ಬಾಟಲಿ ಉಬ್ಬುವಂಥದ್ದಾದರೂ, ಸೋರುತ್ತಿದ್ದರೂ ಕೆಳಗೇ. ಮೇಲೆ ಒಯ್ಯುವವು ಮುಖ್ಯವಾಗಿ ಎರಡು: ಒತ್ತಡ ಪೂರ್ತಿ ಇಳಿಯುವ ಮುಂಚೆ ವಾಲ್ವ್ ಮುಚ್ಚುವುದು, ಕೋಣೆ ಬಿಸಿಯಾಗುತ್ತಿರುವುದು. ದೊಡ್ಡ ಬಾಯಿಯ ಬಾಲ್ ವಾಲ್ವ್ ಇದ್ದೂ 1.45 ಬಂದರೆ ಮೊದಲು ಗೋಡೆಯ ಥರ್ಮಾಮೀಟರ್ ನೋಡಿ.

ತಡವಾಗಿ ಮುಚ್ಚುವ ತಪ್ಪನ್ನು ಊಹೆಗೆ ಬಿಡದೆ ಅಳೆಯಲೂಬಹುದು. ಎಚ್1 ಒಂದೇ ಇಟ್ಟುಕೊಂಡು ವಾಲ್ವನ್ನು ಬೇಕೆಂದೇ 1, 2, 3, 5 ಸೆಕೆಂಡ್ ತೆರೆದಿಡಿ. ಎಚ್2 ಹೇಗೆ ಇಳಿಯುತ್ತಾ ಹೋಗುತ್ತದೆಂದು ಅದರ ಲಾಗರಿದಂ ಹಾಕಿ ಗ್ರಾಫ್ ಬರೆದು, ಗೆರೆಯನ್ನು ಸೊನ್ನೆ ಸೆಕೆಂಡಿಗೆ ಹಿಂದಕ್ಕೆ ಎಳೆಯಿರಿ. ಅಲ್ಲಿ ಸಿಗುವ ಎಚ್2 ಶಾಖ ಸೋರದಿದ್ದರೆ ಸಿಗುತ್ತಿದ್ದ ಅಂಕಿ. ವಿದ್ಯಾರ್ಥಿಗಳಿಗೆ ಅಡಿಯಾಬ್ಯಾಟಿಕ್ ಎಂಬುದನ್ನು ಕಣ್ಣಾರೆ ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ.

ತೇವದ ವಿಚಾರದಲ್ಲಿ ಹೆಚ್ಚು ಭಯವೂ ಬೇಡ, ಅಲಕ್ಷ್ಯವೂ ಬೇಡ. ಗಾಳಿಯಲ್ಲಿನ ಆವಿ ಆವಿಯಾಗಿಯೇ ಉಳಿದರೆ ಗಾಮಾ ಕೆಡುವುದು ಮೂರನೇ ದಶಮಾಂಶದಲ್ಲಿ ಮಾತ್ರ. ಹಿಗ್ಗಿದಾಗ ಮಂಜು ಕಟ್ಟಿದರೆ ಕಥೆಯೇ ಬೇರೆ. ಆವಿ ಹನಿಯಾಗುವಾಗ ಬಿಡುವ ಶಾಖ ಗಾಳಿಯನ್ನು ತಣಿಯಲು ಬಿಡುವುದಿಲ್ಲ, ಉತ್ತರ 1.2ರ ಕಡೆಗೆ ಜಾರುತ್ತದೆ. 18 ಸೆಂ.ಮೀ. ಒತ್ತಡಕ್ಕೆ ಮಂಜು ಕಟ್ಟಬೇಕಾದರೆ ಒಳಗಿನ ಸಾಪೇಕ್ಷ ಆರ್ದ್ರತೆ ಶೇ. 93 ದಾಟಿರಬೇಕು. ನಮ್ಮ ಬೇಸಿಗೆಯ ಒಣಗಾಳಿ ಅದರ ಹತ್ತಿರವೂ ಸುಳಿಯುವುದಿಲ್ಲ. ತೊಂದರೆ ಆಗುವುದು ಬಾಟಲಿ ತೊಳೆದು ಒಣಗಿಸದೆ ಬಳಸಿದಾಗ, ಇಲ್ಲವೇ ಮಳೆಗಾಲದ ಮುಂಜಾನೆ. ಆಗ ಪಂಪಿನ ದಾರಿಯಲ್ಲಿ 200 ಗ್ರಾಂ ನೀಲಿ ಸಿಲಿಕಾ ಜೆಲ್ ತುಂಬಿದ ನಳಿಕೆ ಇಡಿ. ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ 120 ಡಿಗ್ರಿ ಓವನ್‌ನಲ್ಲಿ ಒಣಗಿಸಿ ಮತ್ತೆ ಬಳಸಿ.

ಆರ್ಗಾನ್ ತುಂಬಿ ನೋಡಿ

ಅಣುವಿನ ಆಕಾರವೇ ಗಾಮಾವನ್ನು ನಿರ್ಧರಿಸುತ್ತದೆಂಬುದಕ್ಕೆ ಸಾಕ್ಷಿ ಬೇಕಾದರೆ ವೆಲ್ಡಿಂಗ್ ಅಂಗಡಿಯ ಆರ್ಗಾನ್ ಸಾಕು. ಟಿಗ್ ವೆಲ್ಡಿಂಗ್‌ಗೆ ಬಳಸುವ ಶುದ್ಧ ಆರ್ಗಾನ್ ಬೇಕೆಂದು ಕೇಳಿ, ಮಿಗ್ ವೆಲ್ಡಿಂಗ್‌ನ ಸಿಲಿಂಡರಿನಲ್ಲಿ ಇಂಗಾಲದ ಡೈಆಕ್ಸೈಡ್ ಬೆರೆಸಿರುವುದುಂಟು. ರೆಗ್ಯುಲೇಟರ್ ಇಲ್ಲದೆ ಸಿಲಿಂಡರ್ ಮುಟ್ಟಬೇಡಿ. ಆರ್ಗಾನ್ ಗಾಳಿಗಿಂತ ಭಾರ, ಹಾಗಾಗಿ ನಳಿಕೆಯನ್ನು ಬಾಟಲಿಯ ತಳದ ತನಕ ಇಳಿಸಿ, ಮೇಲಿನ ವಾಲ್ವ್ ತೆರೆದಿಟ್ಟು ನಿಮಿಷಕ್ಕೆ 10 ಲೀಟರಿನಂತೆ ಹತ್ತು ನಿಮಿಷ ಹರಿಸಿ. ಕೋಣೆಯ ಕಿಟಕಿ ಬಾಗಿಲು ತೆರೆದಿರಲಿ. ಆರ್ಗಾನ್‌ಗೆ ವಾಸನೆಯಿಲ್ಲ, ಆಮ್ಲಜನಕವನ್ನು ಸದ್ದಿಲ್ಲದೆ ಹೊರದೂಡುತ್ತದೆ. ತುಂಬಿದ ಮೇಲೆ ಅರ್ಧ ಗಂಟೆ ಬಿಟ್ಟು, ಒತ್ತಡವನ್ನೂ ಆರ್ಗಾನ್‌ನಿಂದಲೇ ಏರಿಸಿ.

ಎಚ್1 18 ಇಟ್ಟರೆ ಗಾಳಿಗೆ 5.1 ಬರುತ್ತಿದ್ದ ಎಚ್2 ಆರ್ಗಾನ್‌ಗೆ 7.2ರ ಸುತ್ತ ಬರುತ್ತದೆ. ಎರಡು ಸೆಂ.ಮೀ. ವ್ಯತ್ಯಾಸ, ಭೂತಗನ್ನಡಿ ಬೇಡ. ಶೇ. 5 ಗಾಳಿ ಉಳಿದುಬಿಟ್ಟಿದ್ದರೆ 1.67ರ ಬದಲು 1.645 ಬರುತ್ತದೆ.

ಧ್ವನಿಯಿಂದ ತಾಳೆ ನೋಡುವುದು

ಒಂದೇ ವಿಧಾನದ ಉತ್ತರವನ್ನು ಅದೇ ವಿಧಾನದಿಂದ ಪರೀಕ್ಷಿಸಲು ಬರುವುದಿಲ್ಲ. ರೆಸೊನೆನ್ಸ್ ಟ್ಯೂಬ್ ಎಲ್ಲ ಲ್ಯಾಬಿನಲ್ಲೂ ಇರುತ್ತದೆ, ಅದನ್ನು ಬಳಸಿ. ಧ್ವನಿಯ ಅಲೆಯಲ್ಲಿ ಗಾಳಿ ಕುಗ್ಗಿ ಹಿಗ್ಗುವುದು ಎಷ್ಟು ಬೇಗ ಎಂದರೆ ಶಾಖ ಹರಿಯಲು ಹೊತ್ತೇ ಇರುವುದಿಲ್ಲ. ನ್ಯೂಟನ್ ತಾಪ ಬದಲಾಗುವುದಿಲ್ಲವೆಂದು ಹಿಡಿದು ಲೆಕ್ಕ ಹಾಕಿದ್ದರಿಂದ ನಿಜವಾದ ವೇಗಕ್ಕಿಂತ ಶೇ. 15ರಷ್ಟು ಕಡಿಮೆ ಬಂದಿತ್ತು. 1816ರಲ್ಲಿ ಲಾಪ್ಲಾಸ್ ಗಾಮಾ ಸೇರಿಸಿ ಅದನ್ನು ಸರಿಪಡಿಸಿದರು.

512 ಹರ್ಟ್ಸ್ ಟ್ಯೂನಿಂಗ್ ಫೋರ್ಕ್ ಹಿಡಿದು ಮೊದಲ ಮತ್ತು ಎರಡನೇ ಅನುರಣನದ (ಸದ್ದು ಥಟ್ಟನೆ ಜೋರಾಗುವ) ಉದ್ದ ಅಳೆಯಿರಿ. 35 ಡಿಗ್ರಿಯಲ್ಲಿ ಎರಡರ ವ್ಯತ್ಯಾಸ 34.3 ಸೆಂ.ಮೀ. ಸುತ್ತ ಬರಬೇಕು. ಅದನ್ನು 2 ಮತ್ತು 512ರಿಂದ ಗುಣಿಸಿದರೆ ವೇಗ ಸೆಕೆಂಡಿಗೆ ಸುಮಾರು 351 ಮೀಟರ್. ಎರಡು ಉದ್ದಗಳ ವ್ಯತ್ಯಾಸ ತೆಗೆಯುವುದರಿಂದ ಕೊಳವೆಯ ಬಾಯಿಯ ತಿದ್ದುಪಡಿ ತಾನಾಗಿ ಕಳೆದುಹೋಗುತ್ತದೆ. ನಂತರ ಗಾಮಾ = 0.02897 × ವೇಗದ ವರ್ಗ ÷ (8.314 × ತಾಪ). ಇಲ್ಲಿ 0.02897 ಎಂದರೆ ಒಂದು ಮೋಲ್ ಗಾಳಿಯ ತೂಕ, ಕಿಲೋದಲ್ಲಿ. ತಾಪ ಕೆಲ್ವಿನ್‌ನಲ್ಲಿ, ಅದೂ ಕೊಳವೆಯ ಒಳಗಿನದು. ಕೊಳವೆಯಲ್ಲಿ ನೀರು ಇರುವುದರಿಂದ ಒಳಗಿನ ಗಾಳಿ ಕೋಣೆಗಿಂತ ತುಸು ತಂಪಾಗಿರುತ್ತದೆ. 1 ಮಿ.ಮೀ. ತಪ್ಪಿಗೆ ಗಾಮಾ 0.008 ಕೆಡುತ್ತದೆ. ಬಾಟಲಿಯ ಉತ್ತರ, ಧ್ವನಿಯ ಉತ್ತರ 0.02ರೊಳಗೆ ಕೂಡಿ ಬಂದರೆ ಎರಡೂ ನಂಬಬಹುದಾದವು.

ಗಾಮಾ ಕೈಗೆ ಬಂದ ಮೇಲೆ: ಕಂಪ್ರೆಸರ್ ಲೆಕ್ಕ

ಗಾಳಿಯನ್ನು ಶಾಖ ಸೋರದಂತೆ ಒತ್ತಿದರೆ ಅದು ಎಷ್ಟು ಬಿಸಿಯಾಗುತ್ತದೆಂದು ಗಾಮಾದಿಂದ ಲೆಕ್ಕ ಹಾಕಬಹುದು: ಕೊನೆಯ ತಾಪ = ಮೊದಲ ತಾಪ × (ಒತ್ತಡದ ಅನುಪಾತ)ದ ಘಾತ, ಘಾತಾಂಕ (ಗಾಮಾ − 1) ÷ ಗಾಮಾ. ಗಾಳಿಗೆ ಈ ಘಾತಾಂಕ 0.286.

ಮೇ ತಿಂಗಳಲ್ಲಿ ಬಳ್ಳಾರಿಯ ಪಂಕ್ಚರ್ ಅಂಗಡಿಯ ಕಂಪ್ರೆಸರ್ 42 ಡಿಗ್ರಿಯ ಗಾಳಿ ಎಳೆದು ಗೇಜಿನಲ್ಲಿ 8 ಬಾರ್ ತೋರಿಸುವ ತನಕ ಒತ್ತುತ್ತದೆ ಎನ್ನಿ. ಮೊದಲ ಕೆಲಸ, ಗೇಜಿನ ಅಂಕಿಗೆ ವಾತಾವರಣ ಸೇರಿಸುವುದು: 8 + 0.955 = 8.955 ಬಾರ್. ಅನುಪಾತ 9.38. ಎರಡನೆಯದು, 42 ಅನ್ನು 315 ಕೆಲ್ವಿನ್ ಮಾಡುವುದು. ಈ ಎರಡರಲ್ಲಿ ಒಂದನ್ನು ಮರೆತರೂ ಉತ್ತರಕ್ಕೆ ಅರ್ಥವಿರುವುದಿಲ್ಲ. ಲೆಕ್ಕ ಮುಗಿದಾಗ 597 ಕೆಲ್ವಿನ್, ಎಂದರೆ 324 ಡಿಗ್ರಿ ಸೆಲ್ಸಿಯಸ್. ಅದೇ ಯಂತ್ರ ಡಿಸೆಂಬರಿನ 18 ಡಿಗ್ರಿ ಮುಂಜಾನೆಯಲ್ಲಿ 279ರ ಹತ್ತಿರ ನಿಲ್ಲುತ್ತದೆ. ಒಳಗೆ ಬರುವ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಹೊರಹೋಗುವಾಗ ಅದು ಸುಮಾರು 1.9 ಡಿಗ್ರಿಯಾಗಿರುತ್ತದೆ. ಗಾಳಿ ಎಳೆಯುವ ಬಾಯಿಯನ್ನು ನೆರಳಿಗೆ ತಿರುಗಿಸಿಡಿ ಎಂದು ಮೆಕ್ಯಾನಿಕ್ ಹೇಳುವುದರ ಹಿಂದೆ ಇರುವುದು ಈ ಲೆಕ್ಕವೇ.

ಇಷ್ಟು ಬಿಸಿಗೆ ಎಣ್ಣೆ ಸುಟ್ಟು ಡೆಲಿವರಿ ವಾಲ್ವಿನ ಮೇಲೆ ಕರಿ ಕಟ್ಟುತ್ತದೆ. ಅದಕ್ಕೇ ಈ ಒತ್ತಡದ ಯಂತ್ರಗಳಲ್ಲಿ ಒಂದು ದೊಡ್ಡ, ಒಂದು ಚಿಕ್ಕ ಸಿಲಿಂಡರ್ ಇಟ್ಟು, ನಡುವೆ ರೆಕ್ಕೆ ಹಾಕಿದ ಪೈಪಿನಲ್ಲಿ ಗಾಳಿಯನ್ನು ತಣಿಸುತ್ತಾರೆ. ಒಂದೊಂದು ಹಂತದ ಅನುಪಾತ 3.06 ಆಗುತ್ತದೆ, ನಡುವೆ ಪೂರ್ತಿ ತಣಿದರೆ ಯಾವ ಹಂತವೂ 161 ಡಿಗ್ರಿ ದಾಟುವುದಿಲ್ಲ. ಆ ರೆಕ್ಕೆಗಳಿಗೆ ಕೆಮ್ಮಣ್ಣಿನ ಧೂಳು ಮೆತ್ತಿಕೊಂಡರೆ ತಣಿಯುವುದು ನಿಲ್ಲುತ್ತದೆ. ಸಂಡೂರು, ತೋರಣಗಲ್ಲು ಕಡೆಯ ಯಂತ್ರಗಳಿಗೆ ಇದು ದಿನನಿತ್ಯದ ಕಾಟ, ವಾರಕ್ಕೊಮ್ಮೆ ಗಾಳಿ ಹೊಡೆದು ರೆಕ್ಕೆ ಸ್ವಚ್ಛ ಮಾಡಬೇಕು. ಸಿಲಿಂಡರ್ ಗೋಡೆ ಶಾಖ ಕದಿಯುವುದರಿಂದ ನಿಜ ಯಂತ್ರದಲ್ಲಿ ಗಾಮಾದ ಜಾಗದಲ್ಲಿ 1.3 ಆಸುಪಾಸಿನ ಅಂಕಿ ಹಾಕುವುದು ವಾಡಿಕೆ. ಒಳಗೆ ಎಣ್ಣೆ ಸಿಂಪಡಿಸುವ ಸ್ಕ್ರೂ ಕಂಪ್ರೆಸರಿಗೆ ಈ ಸೂತ್ರ ಹಚ್ಚಲೇಬೇಡಿ, ಅಲ್ಲಿ ಶಾಖವನ್ನು ಎಣ್ಣೆ ಹೊತ್ತೊಯ್ಯುತ್ತದೆ.

ಇದೇ ಲೆಕ್ಕ ವಾತಾವರಣಕ್ಕೂ ನಡೆಯುತ್ತದೆ. ಒಣಗಾಳಿ ಮೇಲೇರಿದರೆ ಕಿಲೋಮೀಟರಿಗೆ 9.8 ಡಿಗ್ರಿ ತಣಿಯುತ್ತದೆ. ಸಂಡೂರಿನ ಬೆಟ್ಟಸಾಲಿನಲ್ಲಿ 1000 ಮೀಟರ್ ಮುಟ್ಟುವ ಜಾಗಗಳಲ್ಲಿ ಬೇಸಿಗೆಯ ಮಧ್ಯಾಹ್ನ ಬಳ್ಳಾರಿಗಿಂತ ಐದು ಡಿಗ್ರಿಯಷ್ಟು ತಂಪಿರುವುದು ಇದರಿಂದಲೇ. ಹಟ್ಟಿಯಂತಹ ಆಳದ ಚಿನ್ನದ ಗಣಿಯಲ್ಲಿ ಇದು ತಿರುಗಾಮುರುಗಾ: ಶಾಫ್ಟಿನಲ್ಲಿ ಕೆಳಗಿಳಿಯುವ ಗಾಳಿ ಬಂಡೆಯ ಬಿಸಿ ತಾಗುವ ಮುಂಚೆಯೇ, ಬರೀ ಒತ್ತಡಕ್ಕೆ, ಅಷ್ಟೇ ದರದಲ್ಲಿ ಬಿಸಿಯಾಗುತ್ತದೆ.

ಸೂತ್ರ ಎಲ್ಲಿ ನಡೆಯುವುದಿಲ್ಲ

ಅಡುಗೆ ಗ್ಯಾಸಿನ ಸಿಲಿಂಡರ್ ಜೋರಾಗಿ ಬಳಸಿದಾಗ ಮೈ ಬೆವರುವುದನ್ನು ಅಡಿಯಾಬ್ಯಾಟಿಕ್ ಹಿಗ್ಗುವಿಕೆಗೆ ಉದಾಹರಣೆಯಾಗಿ ಕೊಡುವವರಿದ್ದಾರೆ. ಅದು ಒಳಗಿನ ದ್ರವ ಆವಿಯಾಗುವಾಗ ಶಾಖ ಹೀರಿಕೊಳ್ಳುವುದರಿಂದ ಆಗುವ ತಂಪು, ಅದಕ್ಕೂ ಗಾಮಾಕ್ಕೂ ಸಂಬಂಧವಿಲ್ಲ. ರೆಗ್ಯುಲೇಟರಿನ ಸಣ್ಣ ತೂತಿನಲ್ಲಿ ಅನಿಲ ನುಸುಳಿ ಒತ್ತಡ ಇಳಿಯುವುದಕ್ಕೂ ಈ ಸೂತ್ರ ಹಾಕಬಾರದು. ಅಲ್ಲಿ ಶಾಖದ ಕೊಡುಕೊಳ್ಳುವಿಕೆ ಇಲ್ಲದಿದ್ದರೂ ಅನಿಲ ಪಿಸ್ಟನ್ ತಳ್ಳುವ ಹಾಗೆ ಕೆಲಸ ಮಾಡುವುದಿಲ್ಲ. ಆದರ್ಶ ಅನಿಲವಾದರೆ ಅದರ ತಾಪ ಬದಲಾಗುವುದೇ ಇಲ್ಲ.

ಹೆಚ್ಚಿನ ತಾಪದಲ್ಲಿ ಗಾಮಾ 1.40 ಆಗಿಯೇ ನಿಲ್ಲುವುದೂ ಇಲ್ಲ. ಅಣುಗಳು ಕಂಪಿಸತೊಡಗಿದಂತೆ ಶಕ್ತಿ ಇಡುವ ದಾರಿ ಹೆಚ್ಚಾಗುತ್ತದೆ. ಗಾಳಿಗೆ 600 ಕೆಲ್ವಿನ್‌ನಲ್ಲಿ 1.376, 1000 ಕೆಲ್ವಿನ್‌ನಲ್ಲಿ 1.336. ಸಿಂಧನೂರು, ಗಂಗಾವತಿಯ ಗದ್ದೆಗಳಲ್ಲಿ ಓಡುವ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನಿಗೆ 17ಕ್ಕೆ 1 ಸಂಕೋಚನ ಹಿಡಿದು (ಇದು ಗಾತ್ರದ ಅನುಪಾತ, ಹಾಗಾಗಿ ಇಲ್ಲಿ ಘಾತಾಂಕ ಗಾಮಾ − 1), 42 ಡಿಗ್ರಿಯ ಗಾಳಿಗೆ 1.40 ಹಾಕಿದರೆ 705 ಡಿಗ್ರಿ ಬರುತ್ತದೆ. ಸರಾಸರಿಯಾಗಿ 1.36 ಹಾಕಿದರೆ 600. ಡೀಸೆಲ್ ಹೊತ್ತಲು ಎರಡೂ ಧಾರಾಳ ಸಾಕು, ಆದರೆ ಎಂಜಿನ್ನಿನ ಲೆಕ್ಕ ಬರೆಯುವಾಗ ಎರಡನೆಯದನ್ನೇ ಬರೆಯಿರಿ.